ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರು, ಸಹಿ ಹಾಕಬೇಕಾದವರು ಮೂರು ದೇಶದಲ್ಲಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಇವತ್ತು ಗೆಸ್ಟ್ ಯಾರೂ ಇಲ್ಲ, ನಾನೊಬ್ಬಳೇ. ನಮ್ಮ ಮನೆ ಕಥೆಯನ್ನೇ ಹೇಳ್ತೀನಿ. ಅಪ್ಪನ ಹತ್ರ ಪರ್ಮಿಷನ್ ತಗೊಂಡಿದ್ದೀನಿ. "ದುಡ್ಡಿನ ಮೊತ್ತ ಒಂದು ಹೇಳಬೇಡ, ಬಾಕಿ ಏನಾದರೂ ಹೇಳ್ಕೋ" ಅಂದಿದ್ದಾರೆ.

ನಮ್ಮೂರು ಸಾಗರದಿಂದ ಹದಿನಾಲ್ಕು ಕಿಲೋಮೀಟರ್. ಹಂಚಿನ ಮನೆ, ಹಿಂದೆ ಹಿತ್ತಿಲು, ಇಳಿಜಾರಿನ ಕೆಳಗೆ ಎರಡು ಎಕರೆ ಚಿಲ್ಲರೆ ಅಡಿಕೆ ತೋಟ. ಅಜ್ಜ ತಮ್ಮ ದುಡಿಮೆಯಲ್ಲಿ ಕೊಂಡದ್ದು. ಅಜ್ಜನಿಗೆ ಮೂವರು ಮಕ್ಕಳು. ದೊಡ್ಡಪ್ಪ ಇಂಜಿನಿಯರಿಂಗ್ ಓದಿ ಅಮೆರಿಕಾಗೆ ಹೋದರು, ನ್ಯೂಜೆರ್ಸಿಯಲ್ಲಿ ನೆಲೆಸಿದರು. ಅತ್ತೆ ಮದುವೆಯಾಗಿ ಕೆಲವು ವರ್ಷ ಬೆಂಗಳೂರಲ್ಲಿದ್ದು ಆಮೇಲೆ ಮೆಲ್ಬರ್ನ್. ನಡುವಿನವರು ನಮ್ಮಪ್ಪ, ಊರಲ್ಲೇ ಉಳಿದರು. ಉಳಿದರು ಅನ್ನೋದಕ್ಕಿಂತ ಉಳಿಸಿಕೊಂಡರು ಅನ್ನಬಹುದು. ಅಜ್ಜನಿಗೆ ವಯಸ್ಸಾಗಿತ್ತು, ತೋಟ ನೋಡೋರು ಬೇಕಿತ್ತು.

ನಮಗೊಂದು ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪ್ ಇದೆ. ಪ್ರತಿ ಜೂನ್‌ನಲ್ಲಿ ಅಪ್ಪ ಅದಕ್ಕೆ ಒಂದೇ ಥರದ ಫೋಟೋ ಹಾಕ್ತಾರೆ. ಮಾಡು ಸೋರ್ತಿದೆ, ಜಗುಲಿಯಲ್ಲಿ ಮೂರು ಬಕೆಟ್ ಇಟ್ಟಿದೆ, ಒಂದು ಕಡೆ ಪಕಾಸಿ ಲಡ್ಡಾಗಿ ಬಾಗಿದೆ. ಅದಕ್ಕೆ ಮೆಲ್ಬರ್ನ್‌ನಿಂದ ಒಂದು ಹಾರ್ಟ್, ನ್ಯೂಜೆರ್ಸಿಯಿಂದ ಒಂದು ಹಾರ್ಟ್, "ಮಿಸ್ಸಿಂಗ್ ಹೋಮ್" ಅಂತ ಮೆಸೇಜ್. ಅಪ್ಪ ಏನೂ ಬರೆಯಲ್ಲ. ಟಾರ್ಪಾಲು ಹೊದೆಸಿ ಸುಮ್ಮನಾಗ್ತಾರೆ.

ಅಪ್ಪ ಯಾಕೆ ಮಾಡು ರಿಪೇರಿ ಮಾಡಿಸಲ್ಲ ಅಂತ ನನಗೆ ತುಂಬ ವರ್ಷ ಅರ್ಥ ಆಗಿರಲಿಲ್ಲ. ಒಂದು ಸಲ ಕೇಳಿದೆ. "ಯಾರ ಮನೆ ಅಂತ ಮಾಡಿಸ್ಲಿ?" ಅಂದರು.

ಅಜ್ಜ ತೀರಿಕೊಂಡು ಹದಿನೈದು ವರ್ಷದ ಮೇಲಾಗಿತ್ತು. ಪಹಣಿಯಲ್ಲಿ ಇನ್ನೂ ಅಜ್ಜನದೇ ಹೆಸರು. ತೋಟಕ್ಕೆ ಬೋರ್ಡೋ ಹೊಡೆಸೋದು, ಕೊನೆ ಕೊಯ್ಲು, ಮಣ್ಣು ಹಾಕಿಸೋದು ಎಲ್ಲ ಅಪ್ಪಂದು. ಆದರೆ ಬೆಳೆ ಸಾಲ ಬೇಕು ಅಂದರೆ, ಬೆಳೆ ವಿಮೆ ಕಟ್ಟಬೇಕು ಅಂದರೆ, ಕಾಗದದ ಪ್ರಕಾರ ಅಪ್ಪ ಯಾರೂ ಅಲ್ಲ. ಎಲೆಚುಕ್ಕೆ ರೋಗ ಬಂದು ಸುತ್ತಮುತ್ತಲಿನವರೆಲ್ಲ ಅರ್ಜಿ ಹಿಡಿದು ಓಡಾಡಿದ ವರ್ಷ ಅಪ್ಪ ಮನೇಲೇ ಕೂತಿದ್ದರು. ಹೋದರೆ ಮೊದಲ ಪ್ರಶ್ನೆಯೇ "ಪಹಣಿದಾರರು ಎಲ್ಲಿ?"

ಹೀಗಿರೋರು ನಾವೊಬ್ಬರೇ ಅಲ್ಲ. ರಾಜ್ಯದಲ್ಲಿ ಸತ್ತವರ ಹೆಸರಲ್ಲೇ ಉಳಿದಿರೋ ಪಹಣಿಗಳು ಅಷ್ಟಿವೆ ಅಂತಲೇ ಕಂದಾಯ ಇಲಾಖೆ ಇ-ಪೌತಿ ಅಂತ ಅಭಿಯಾನ ಶುರು ಮಾಡಿದ್ದು. ಪೌತಿ ಖಾತೆ ಅಂದರೆ ತೀರಿಕೊಂಡವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸೋದು. ಇಲ್ಲಿ ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಪೌತಿ ಖಾತೆ ಆದ ಮಾತ್ರಕ್ಕೆ ಪಾಲು ಆದ ಹಾಗಲ್ಲ. ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಬರುತ್ತೆ, ಅಷ್ಟೇ. ಯಾರಿಗೆ ಯಾವ ಭಾಗ ಅನ್ನೋದಕ್ಕೆ ಬೇರೆ ಪತ್ರ ಬೇಕು, ಅದು ರಿಜಿಸ್ಟರ್ ಆಗಬೇಕು.

ಸರಿ, ವಾರಸುದಾರರು ಯಾರು?

ಅಜ್ಜ ಉಯಿಲು ಬರೆದಿರಲಿಲ್ಲ. ಸ್ವಯಾರ್ಜಿತ ಆಸ್ತಿ, ಉಯಿಲು ಇಲ್ಲ ಅಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿಗೆ, ಗಂಡು ಮಕ್ಕಳಿಗೆ, ಹೆಣ್ಣು ಮಕ್ಕಳಿಗೆ ಸಮ ಪಾಲು. ತುಂಬ ಜನ ಹೆಣ್ಣು ಮಕ್ಕಳಿಗೆ ಹಕ್ಕು ಬಂದಿದ್ದೇ 2005ರಲ್ಲಿ ಅಂದ್ಕೊಂಡಿದ್ದಾರೆ. ಆ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಗೆ ಸಂಬಂಧಪಟ್ಟಿದ್ದು. ಆಗ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಆದರೆ ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿಯಲ್ಲಿ, ಉಯಿಲು ಇಲ್ಲದಿದ್ದರೆ, ಮಗಳಿಗೆ 1956ರಿಂದಲೇ ಸಮ ಪಾಲಿದೆ.

ಇನ್ನೊಂದು ತಪ್ಪು ತಿಳುವಳಿಕೆ ನಮ್ಮೂರಲ್ಲಿ ಬಲವಾಗಿತ್ತು. "ಅವರೀಗ ಅಮೆರಿಕದ ಸಿಟಿಜನ್, ಅವರಿಗೆಲ್ಲಿ ಪಾಲು?" ಅಂತ. ಹಾಗಿಲ್ಲ. ಪಾಸ್‌ಪೋರ್ಟ್ ಬದಲಾದರೆ ವಾರಸುದಾರಿಕೆ ಹೋಗಲ್ಲ. ವಿದೇಶದಲ್ಲಿರೋ ಭಾರತೀಯರಾಗಲಿ, ಓಸಿಐ ಕಾರ್ಡ್ ಇರೋರಾಗಲಿ, ಇಲ್ಲಿ ಕೃಷಿ ಜಮೀನು ಕೊಳ್ಳೋ ಹಾಗಿಲ್ಲ, ದಾನವಾಗಿ ತಗೊಳ್ಳೋ ಹಾಗೂ ಇಲ್ಲ. ವಾರಸಿನಲ್ಲಿ ಬಂದರೆ ಇಟ್ಟುಕೊಳ್ಳಬಹುದು. ಮಾರೋದಾದರೆ ಭಾರತದಲ್ಲೇ ವಾಸ ಇರೋ ಭಾರತೀಯರಿಗೆ ಮಾತ್ರ. ಈ ನಿಯಮ ಗೊತ್ತಾದ ದಿನ ನಮ್ಮ ಲೆಕ್ಕ ಸ್ವಲ್ಪ ಸುಲಭ ಆಯ್ತು. ತೋಟ ಒಬ್ಬರಿಗೇ ಹೋಗೋದಾದರೆ ಊರಲ್ಲಿರೋರಿಗೇ ಹೋಗಬೇಕು. ಮನೆ ಜಾಗಕ್ಕೆ ಆ ಕಟ್ಟು ಇಲ್ಲ.

ಈಗ ನಾಚಿಕೆ ಪಡೋ ಭಾಗ. ಪೌತಿ ಖಾತೆಗೆ ವಂಶವೃಕ್ಷ ಬೇಕು. ಅಫಿಡವಿಟ್ ಮಾಡಿಸಿ ನಾಡಕಚೇರಿಗೆ ಅರ್ಜಿ ಕೊಟ್ಟರೆ ಗ್ರಾಮ ಆಡಳಿತಾಧಿಕಾರಿ, ಅಂದರೆ ಹಿಂದೆ ವಿಲೇಜ್ ಅಕೌಂಟೆಂಟ್ ಅಂತಿದ್ದರಲ್ಲ ಅವರು, ವಿಚಾರಣೆ ಮಾಡಿ ವರದಿ ಕೊಡ್ತಾರೆ. ಅರ್ಜಿ ಬರೆಯೋಕೆ ಸಹಾಯ ಮಾಡ್ತಿದ್ದ ಪರಿಚಯದವರೊಬ್ಬರು, ಅಪ್ಪನಿಗೆ ಒಳ್ಳೇದೇ ಆಗಲಿ ಅಂತಲೇ, ಹೇಳಿದರು: "ಹೊರದೇಶದಲ್ಲಿರೋರ ಹೆಸರು ಯಾಕೆ ಹಾಕ್ತೀರಿ? ಅವರನ್ನ ಬಿಟ್ಟು ಬರೆದರೆ ಒಂದೇ ತಿಂಗಳಲ್ಲಿ ಮುಗಿಯುತ್ತೆ. ಅವರೇನು ಬಂದು ನೋಡ್ತಾರಾ?"

ಅಪ್ಪ ಆ ಅರ್ಜಿಯನ್ನ ಮನೆಗೆ ತಂದರು. ಎರಡು ದಿನ ಟಿವಿ ಮೇಲೆ ಇತ್ತು. ನನ್ನಪ್ಪ ಒಳ್ಳೆಯವರು, ಆದರೂ ಎರಡು ದಿನ ಇತ್ತು. ಹದಿನೈದು ವರ್ಷ ಒಬ್ಬರೇ ಹೊತ್ತವರಿಗೆ ಆ ಆಸೆ ಬರೋದು ಸಹಜ ಅಂತ ನನಗನಿಸುತ್ತೆ. ಮೂರನೇ ದಿನ ಅಮ್ಮ ಕೇಳಿದರು, "ನಾಳೆ ನಿಮ್ಮ ತಂಗಿ ಈ ಕಾಗದ ಓದಿದ್ರೆ ಅವಳ ಮುಖ ನೋಡ್ತೀರಾ?" ಅಪ್ಪ ಹರಿದು ಒಲೆಗೆ ಹಾಕಿದರು. ಕಾನೂನಿನ ಪ್ರಕಾರವೂ ಅದೊಂದು ಸುಳ್ಳು ಪ್ರಮಾಣ ಪತ್ರ. ಬಿಟ್ಟುಹೋದ ವಾರಸುದಾರರು ಇನ್ನು ಹತ್ತು ವರ್ಷಕ್ಕೆ ಪಾಲು ಕೇಳಿ ದಾವೆ ಹಾಕಬಹುದು, ಆಗ ಅದರ ಮೇಲೆ ಕಟ್ಟಿದ್ದೆಲ್ಲ ಅಲುಗಾಡುತ್ತೆ.

ನಿಜವಾದ ಪೆಟ್ಟು ಬಿದ್ದಿದ್ದು ಬೇರೆ ಕಡೆ.

ಅಜ್ಜಿ ಹೋದ ಮೇಲೆ ಲೆಕ್ಕ ಸರಳ ಇತ್ತು. ಮೂವರು ಮಕ್ಕಳು, ಮೂರರಲ್ಲಿ ಒಂದೊಂದು ಪಾಲು, ಮೂರು ಸಹಿ. ದೊಡ್ಡಪ್ಪ ಅಲ್ಲಿಂದಲೇ ಅಪ್ಪನ ಹೆಸರಿಗೆ ಜನರಲ್ ಪವರ್ ಆಫ್ ಅಟಾರ್ನಿ ಮಾಡಿ, ನೋಟರಿ ಹಾಕಿಸಿ ಕೊರಿಯರ್ ಮಾಡಿದ್ದರು. "ತಮ್ಮ, ನಿನಗೆ ಸರಿ ಕಂಡ ಹಾಗೆ ಮಾಡು" ಅಂತ ಒಂದು ಚೀಟಿ ಸಮೇತ. ಅಪ್ಪ ಅದನ್ನ ಭದ್ರವಾಗಿ ಬೀರುವಿನಲ್ಲಿಟ್ಟರು. ತಂಗಿ ಬೇಸಿಗೆಗೆ ಬರ್ತಾಳೆ, ಆಗ ಎಲ್ಲ ಒಟ್ಟಿಗೆ ಮಾಡೋಣ ಅಂತ. ಬೇಸಿಗೆಗೆ ಅತ್ತೆ ಬಂದರು. ಮದುವೆ, ಉಪನಯನ, ಸಿಗಂದೂರು, ಜೋಗ ಅಂತ ಮೂರು ವಾರ ಓಡಿಹೋಯ್ತು. ಆಸ್ತಿ ಮಾತು ತೆಗೆದು ಯಾಕೆ ಮನಸ್ಸು ಕೆಡಿಸೋದು ಅಂತ ಯಾರೂ ಬಾಯಿ ಬಿಡಲಿಲ್ಲ. ಮುಂದಿನ ಬೇಸಿಗೆ ನೋಡೋಣ ಅಂದರು.

ಮುಂದಿನ ಬೇಸಿಗೆಗೆ ಮೊದಲೇ ದೊಡ್ಡಪ್ಪ ಹೃದಯಾಘಾತದಿಂದ ಹೋದರು.

ದುಃಖದ ತಿಂಗಳು ಕಳೆದ ಮೇಲೆ ಅಪ್ಪ ಬೀರುವಿನಿಂದ ಆ ಕಾಗದ ತೆಗೆದುಕೊಂಡು ಶಿವಮೊಗ್ಗದ ವಕೀಲರ ಹತ್ರ ಹೋದರು. ಅವರು ನೋಡಿ ಎರಡು ಮಾತು ಹೇಳಿದರು. ಒಂದು, ವಿದೇಶದಲ್ಲಿ ಮಾಡಿದ ಪವರ್ ಆಫ್ ಅಟಾರ್ನಿ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಮಾಡಿಸಬೇಕಿತ್ತು, ಮಾಡಿಸಿಲ್ಲ. ಎರಡು, ಅದನ್ನ ಮಾಡಿದ್ದರೂ ಪ್ರಯೋಜನ ಇರಲಿಲ್ಲ. ಬರೆದುಕೊಟ್ಟವರು ತೀರಿಕೊಂಡರೆ ಅಧಿಕಾರ ಪತ್ರದ ಅಧಿಕಾರವೂ ಅಲ್ಲಿಗೇ ಮುಗಿಯುತ್ತೆ.

ಅಪ್ಪ ವಾಪಸ್ ಬರೋವಾಗ ಬಸ್ಸಲ್ಲಿ ಆ ಚೀಟಿ ಓದಿಕೊಂಡು ಬಂದರಂತೆ.

ಈಗ ಮೂರು ಸಹಿ ಐದಾಯ್ತು. ದೊಡ್ಡಪ್ಪನೂ ಉಯಿಲು ಬರೆದಿರಲಿಲ್ಲ. ಅವರ ಮೂರನೇ ಒಂದು ಪಾಲು ದೊಡ್ಡಮ್ಮ ಮತ್ತು ಇಬ್ಬರು ಮಕ್ಕಳಿಗೆ ಒಡೆದು, ತಲಾ ಒಂಬತ್ತನೇ ಒಂದಾಯ್ತು. ಆ ಅಣ್ಣ, ಅಕ್ಕ ಹುಟ್ಟಿದ್ದೇ ಅಲ್ಲಿ. ಕನ್ನಡ ಅರ್ಥ ಆಗುತ್ತೆ, ಮಾತು ಅಷ್ಟು ಬರಲ್ಲ. ಊರಿಗೆ ನಾಲ್ಕೈದು ಸಲ ಬಂದಿರಬಹುದು. ಇನ್ನೂ ಹತ್ತು ವರ್ಷ ತಳ್ಳಿದ್ದರೆ ಎಷ್ಟು ಸಹಿ ಆಗ್ತಿತ್ತು, ಯಾವ್ಯಾವ ದೇಶದಿಂದ ಬೇಕಾಗ್ತಿತ್ತು ಅಂತ ನಾನೊಂದು ಚಾರ್ಟ್ ಮಾಡಿ ಅಪ್ಪನಿಗೆ ತೋರಿಸಿದೆ. ಅವರಿಗೆ ಸಿಟ್ಟು ಬಂತು. ಆದರೆ ಆ ಭಾನುವಾರವೇ ವಿಡಿಯೋ ಕಾಲ್ ಇಡೋಕೆ ಒಪ್ಪಿದರು.

ಕಾಲ್ ಟೈಮ್ ಹೊಂದಿಸೋದೇ ಒಂದು ಕೆಲಸ. ನಮ್ಮ ಸಂಜೆ ಐದು ಗಂಟೆ ಅಂದರೆ, ಮಳೆಗಾಲದಲ್ಲಿ, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಏಳೂವರೆ, ಮೆಲ್ಬರ್ನ್‌ನಲ್ಲಿ ರಾತ್ರಿ ಒಂಬತ್ತೂವರೆ. ಒಬ್ಬರು ಕಾಫಿ ಹಿಡಿದು ಬಂದರು, ಒಬ್ಬರು ನಿದ್ದೆಗಣ್ಣಲ್ಲಿ. ಮೊದಲ ಕಾಲ್ ಇಪ್ಪತ್ತು ನಿಮಿಷಕ್ಕೇ ಒಡೆಯಿತು.

ಅತ್ತೆ "ಈಗ ಅಷ್ಟು ಅರ್ಜೆಂಟ್ ಯಾಕೆ ಅಣ್ಣ?" ಅಂದಿದ್ದೇ ತಪ್ಪಾಯ್ತು. ಅಪ್ಪ ಎಲ್ಲ ಹೊರಗೆ ಹಾಕಿದರು. ಅಜ್ಜಿ ಎರಡು ವರ್ಷ ಹಾಸಿಗೆ ಹಿಡಿದಾಗ ಬಟ್ಟೆ ಬದಲಿಸಿದ್ದು ಯಾರು, ಮೋಟಾರ್ ಸುಟ್ಟಾಗ ಕೈಯಿಂದ ಹಾಕಿದ್ದು ಯಾರು, ನೀವು ಹಾರ್ಟ್ ಒತ್ತಿದರೆ ಮಾಡು ನಿಲ್ಲುತ್ತಾ ಅಂತ. ಅತ್ತೆ ಅಳೋಕೆ ಶುರು ಮಾಡಿದರು. "ನಾನು ಕೊಡಲ್ಲ ಅಂದಿದ್ದೀನಾ? ನೀನು ಯಾವತ್ತಾದರೂ ಬಾಯಿಬಿಟ್ಟು ಕೇಳಿದ್ದೀಯಾ? ಮದುವೆಯಾಗಿ ಹೋದವಳಿಗೆ ಲೆಕ್ಕ ಯಾಕೆ ಅಂತ ಯಾರೂ ನನಗೆ ಏನೂ ಹೇಳಲೇ ಇಲ್ಲ."

ಅದೂ ನಿಜವೇ. ದೂರ ಇರೋರಿಗೆ ಸೋರುವ ಮಾಡಿನ ಫೋಟೋ ಹೋಗುತ್ತೆ, ಹಂಚಿನ ಬಿಲ್ಲು ಹೋಗಲ್ಲ. ಅವರು ಬೇಜವಾಬ್ದಾರಿ ಅಂತ ನಾವು ಅಂದ್ಕೊಳ್ತೀವಿ. ನಮ್ಮನ್ನ ಹೊರಗಿಟ್ಟಿದ್ದಾರೆ ಅಂತ ಅವರು ಅಂದ್ಕೊಳ್ತಾರೆ.

ಎರಡನೇ ಕಾಲ್‌ಗೆ ಮೊದಲು ಲೆಕ್ಕ ಬರೆಯೋ ಕೆಲಸ ನನಗೆ ಬಿತ್ತು. ಅಪ್ಪನ ಡೈರಿಗಳಿಂದ ಖರ್ಚು ತೆಗೆದೆ. ಕಂದಾಯ, ಮೋಟಾರ್, ಕೂಲಿ, ಅಜ್ಜಿಯ ಆಸ್ಪತ್ರೆ. ಅಡಿಕೆ ಮಾರಿದ ಆದಾಯವನ್ನೂ ಬರೆದೆ. ಅಪ್ಪನಿಗೆ ಇಷ್ಟ ಆಗಲಿಲ್ಲ, ಆದರೆ ಖರ್ಚು ಮಾತ್ರ ತೋರಿಸಿ ಆದಾಯ ಮುಚ್ಚಿಟ್ಟರೆ ಅದು ಲೆಕ್ಕವೇ ಅಲ್ಲ. ಅಜ್ಜಿಯ ತಗಡಿನ ಟ್ರಂಕಿನಲ್ಲಿ ಹಳೇ ಕಾಗದ ಹುಡುಕ್ತಿದ್ದಾಗ ಒಂದು ಕಟ್ಟು ಸಿಕ್ತು. ದೊಡ್ಡಪ್ಪ ತೊಂಬತ್ತರ ದಶಕದಲ್ಲಿ ಕಳಿಸಿದ ಡ್ರಾಫ್ಟ್‌ಗಳ ಜೊತೆ ಬಂದಿದ್ದ ಪತ್ರಗಳು. ಬಾವಿಗೆ ಮೊದಲ ಪಂಪ್‌ಸೆಟ್, ಅತ್ತೆಯ ಮದುವೆ, ಅಪ್ಪನಿಗೆ ಒಮ್ಮೆ ಅಪೆಂಡಿಕ್ಸ್ ಆಪರೇಷನ್ ಆಗಿದ್ದು, ಎಲ್ಲದಕ್ಕೂ ಅವರ ದುಡ್ಡು. ಅತ್ತೆಗೆ ತನ್ನ ಮದುವೆ ದುಡ್ಡು ಎಲ್ಲಿಂದ ಬಂತು ಅಂತ ಗೊತ್ತೇ ಇರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಮರೆತಿದ್ದರೋ, ಮರೆತ ಹಾಗೆ ಇದ್ದರೋ, ನಾನು ಕೇಳಲಿಲ್ಲ.

ಆ ಪತ್ರಗಳನ್ನ ಸ್ಕ್ಯಾನ್ ಮಾಡಿ ಗ್ರೂಪ್‌ಗೆ ಹಾಕಿದೆ. ನ್ಯೂಜೆರ್ಸಿಯ ಅಣ್ಣ ತನ್ನಪ್ಪನ ಕೈಬರಹ ನೋಡಿ ಫೋನ್ ಮಾಡಿದ. ಒಂದೊಂದನ್ನೂ ಓದಿ ಹೇಳು ಅಂದ. ಓದಿದೆ. ಒಂದೂವರೆ ಗಂಟೆ ಆಯ್ತು.

ಎರಡನೇ ಕಾಲ್‌ನಲ್ಲಿ ಅವನೇ ಇಂಗ್ಲಿಷ್ ಕನ್ನಡ ಬೆರೆಸಿ ಕೇಳಿದ್ದು: "ಚಿಕ್ಕಪ್ಪ, ನಿಮಗೆ ಏನು ಬೇಕು? ಅದನ್ನ ಮೊದಲು ಹೇಳಿ." ಅಪ್ಪನಿಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ, ನಾನೂ ಸೇರಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಪಹಣಿ ನನ್ನ ಹೆಸರಲ್ಲಿ ಬೇಕು ಮಾರಾಯ. ಯಾರನ್ನೂ ಕೇಳದೆ ನಾಲ್ಕು ಸಸಿ ಕಿತ್ತು ನಾಲ್ಕು ಸಸಿ ನೆಡಬೇಕು."

ಅಕ್ಕ ಕೇಳಿದಳು, "ಹಾಗಾದರೆ ನಾವು ಬಂದರೆ ಎಲ್ಲಿ ಇರೋದು?" ತೋಟ ಯಾರಿಗಾದರೂ ಹೋಗಲಿ, ಮನೆಯಲ್ಲಿ ತನ್ನ ಹೆಸರು ಅಳಿಸಬಾರದು ಅಂತ ಅವಳಿಗೆ. ಅತ್ತೆಯದೂ ಅದೇ ಮಾತು.

ಅಲ್ಲಿಂದ ಮುಂದೆ ದಾರಿ ಕಂಡಿತು. ತೋಟ ಪೂರ್ತಿ ಅಪ್ಪನಿಗೆ. ಉಳಿದ ನಾಲ್ವರು ತಮ್ಮ ಪಾಲಿನ ಹಕ್ಕು ಬಿಡುಗಡೆ ಪತ್ರ ಬರೆದುಕೊಡೋದು, ಅದಕ್ಕೆ ಅಪ್ಪ ಒಂದು ಮೊತ್ತ ಕೊಡೋದು, ಎರಡು ಕಂತಿನಲ್ಲಿ. ಬೆಲೆ ಕಟ್ಟೋಕೆ ಎರಡೂ ಕಡೆಗೆ ಪರಿಚಯ ಇಲ್ಲದ ಒಬ್ಬ ವ್ಯಾಲ್ಯುಯರ್‌ನ ಕರೆಸಿದೆವು. ಊರಿನ ಬ್ರೋಕರ್ ಹೇಳಿದ ಬೆಲೆ ಅಪ್ಪನಿಗೆ ಜಾಸ್ತಿ ಅನಿಸಿತ್ತು, ಸರ್ಕಾರಿ ಮಾರ್ಗಸೂಚಿ ದರ ಅತ್ತೆಗೆ ಕಮ್ಮಿ ಅನಿಸಿತ್ತು. ವ್ಯಾಲ್ಯುಯರ್ ಹೇಳಿದ್ದು ಇಬ್ಬರಿಗೂ ಸರಿ ಬರಲಿಲ್ಲ, ಹಾಗಾಗಿ ಇಬ್ಬರೂ ಒಪ್ಪಿದರು. ಕೊನೆಗೆ ಅಜ್ಜಿಯನ್ನ ನೋಡಿಕೊಂಡ ಎರಡು ವರ್ಷಕ್ಕೆ ಅಂತ ಅತ್ತೆ ತಾವಾಗಿ ತಮ್ಮ ಮೊತ್ತದಲ್ಲಿ ಒಂದು ಭಾಗ ಕಡಿಮೆ ಮಾಡಿದರು. ಅಪ್ಪ ಬೇಡ ಅಂದರು, ಅಮ್ಮ ಬೇಕು ಅಂದರು.

ಕಾಗದದ ವಿಷಯ ಸ್ವಲ್ಪ ಹೇಳಬೇಕು, ಯಾಕಂದರೆ ನಿಮ್ಮಲ್ಲಿ ಎಷ್ಟೋ ಜನಕ್ಕೆ ಈ ಓಡಾಟ ಬರೋದಿದೆ. ನಾನು ವಕೀಲೆ ಅಲ್ಲ, ನಮಗೆ ಆದದ್ದು ಹೇಳ್ತಿದ್ದೀನಿ.

ಮೊದಲ ತೊಡಕು ಹೆಸರಿಂದು. ಊರಿನ ದಾಖಲೆಯಲ್ಲಿ ದೊಡ್ಡಪ್ಪನಿಗೆ ಎರಡು ಇನಿಷಿಯಲ್. ಅಮೆರಿಕದ ಮರಣ ಪ್ರಮಾಣ ಪತ್ರದಲ್ಲಿ ಆ ಇನಿಷಿಯಲ್ ಬಿಡಿಸಿ ಅಜ್ಜನ ಹೆಸರೇ ಸರ್‌ನೇಮ್ ಆಗಿತ್ತು. ಓದಿದರೆ ಬೇರೆ ಯಾರೋ ಮನುಷ್ಯ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್, ಜೊತೆಗೆ ಹಳೇ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು ಕೊಡಬೇಕಾಯ್ತು. ಆ ಮರಣ ಪತ್ರಕ್ಕೆ ಅಲ್ಲಿನ ರಾಜ್ಯ ಸರ್ಕಾರದಿಂದ ಅಪೊಸ್ಟಿಲ್ ಮಾಡಿಸಿದರು. ಅಪೊಸ್ಟಿಲ್ ಅಂದರೆ ಈ ದಾಖಲೆ ಅಸಲಿ ಅಂತ ಒಂದು ದೇಶ ಹಾಕೋ ಮುದ್ರೆ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಅದನ್ನ ಒಪ್ಪುತ್ತವೆ, ಭಾರತ 2005ರಲ್ಲಿ ಸೇರಿತು.

ಪವರ್ ಆಫ್ ಅಟಾರ್ನಿ ಈ ಸಲ ಜನರಲ್ ಮಾಡಿಸಲಿಲ್ಲ. ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ ಬರೆದು, ಈ ಒಂದು ಬಿಡುಗಡೆ ಪತ್ರಕ್ಕೆ ಸಹಿ ಹಾಕೋಕೆ ಮಾತ್ರ ಅಧಿಕಾರ. ಅದನ್ನ ಅಪ್ಪನ ಹೆಸರಿಗೂ ಕೊಡಲಿಲ್ಲ. ಹಕ್ಕು ಪಡೆಯೋರೇ ಬಿಟ್ಟುಕೊಡೋರ ಪರವಾಗಿ ಸಹಿ ಹಾಕಿದರೆ ನಾಳೆ ಅದೇ ತಕರಾರಿಗೆ ಬೀಜ ಅಂತ ವಕೀಲರು ಹೇಳಿದರು. ಶಿವಮೊಗ್ಗದಲ್ಲಿರೋ ಅತ್ತೆಯ ಮೈದುನ ಒಪ್ಪಿಕೊಂಡರು. ಕಾಗದ ಕೈಗೆ ಬಂದ ವಾರದಲ್ಲೇ ಸ್ಟಾಂಪ್ ಮಾಡಿಸಿದೆವು. ಬೀರು ಕಡೆಗೆ ಹೋಗೋಕೆ ನಾನು ಬಿಡಲಿಲ್ಲ.

ತೆರಿಗೆ ವಿಷಯದಲ್ಲಿ ನಮಗೆ ಅದೃಷ್ಟ ಇತ್ತು. ಊರು ಪಟ್ಟಣದಿಂದ ದೂರ ಇರೋ ಕೃಷಿ ಜಮೀನು ಆದಾಯ ತೆರಿಗೆ ಲೆಕ್ಕದಲ್ಲಿ ಬಂಡವಾಳ ಆಸ್ತಿ ಅಲ್ಲ. ಪಟ್ಟಣದ ಜನಸಂಖ್ಯೆ ನೋಡಿಕೊಂಡು ಅದರ ಗಡಿಯಿಂದ 2, 6 ಅಥವಾ 8 ಕಿಲೋಮೀಟರ್ ಆಚೆ ಇರಬೇಕು. ಹಾಗಾಗಿ ಕ್ಯಾಪಿಟಲ್ ಗೇನ್ಸ್ ಬರಲಿಲ್ಲ. ನಿಮ್ಮದು ಬೆಂಗಳೂರು, ಮೈಸೂರಿನ ಸೈಟೋ ಮನೆಯೋ ಆಗಿದ್ದರೆ ಕಥೆ ಬೇರೆ. ಅನಿವಾಸಿಗಳಿಂದ ಕೊಳ್ಳೋವಾಗ 50 ಲಕ್ಷದ ಮೇಲೆ ಶೇಕಡಾ 1 ಟಿಡಿಎಸ್ ಅನ್ನೋ ಲೆಕ್ಕ ನಡೆಯಲ್ಲ. ಅದು ಇಲ್ಲಿ ವಾಸ ಇರೋರು ಮಾರಿದಾಗ ಮಾತ್ರ. ಅನಿವಾಸಿಗಳಿಗೆ ಅದಕ್ಕಿಂತ ತುಂಬ ಜಾಸ್ತಿ ಹಿಡಿಯಬೇಕಾಗುತ್ತೆ, ದುಡ್ಡು ಕೊಡೋಕೆ ಮೊದಲೇ ಸಿಎ ಹತ್ರ ಹೋಗಿ. ದುಡ್ಡು ಅವರ ಎನ್‌ಆರ್‌ಒ ಖಾತೆಗೆ ಹೋಗಬೇಕು. ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ, ತೆರಿಗೆ ಕಾಗದ ಸರಿ ಇದ್ದರೆ, ಹೊರಗೆ ಕಳಿಸಬಹುದು. ನಮ್ಮ ಮೊತ್ತಕ್ಕೆ ಆ ಮಿತಿ ಕೇಳಿ ಅಪ್ಪ ನಕ್ಕುಬಿಟ್ಟರು.

ಮನೆ ಮಾತ್ರ ಹಾಗೇ ಉಳೀತು. ಐದೂ ಜನರ ಹೆಸರಲ್ಲಿ ಜಂಟಿಯಾಗಿ, ಪಂಚಾಯಿತಿ ಇ-ಸ್ವತ್ತಿನಲ್ಲಿ. ರಿಪೇರಿ ಖರ್ಚು ಪಾಲಿನ ಪ್ರಕಾರ ಹಂಚಿಕೊಳ್ಳೋದು, ಬಂದೋರು ಇರಬಹುದು, ಮಾರೋ ಮನಸ್ಸಾದರೆ ಮೊದಲು ಮನೆಯವರನ್ನೇ ಕೇಳೋದು ಅಂತ ಒಂದು ಒಪ್ಪಂದ ಬರೆದು ಎಲ್ಲರೂ ಸಹಿ ಹಾಕಿದರು. ನಾನು ಇದಕ್ಕೆ ವಿರೋಧ ಇದ್ದೆ. ಈಗ ಐದು ಹೆಸರು, ನಮ್ಮ ತಲೆಮಾರಿಗೆ ಎಷ್ಟಾಗುತ್ತೋ. ಅಪ್ಪ ಮಾಡಿದ ತಪ್ಪನ್ನೇ ಇನ್ನೊಮ್ಮೆ ಮಾಡ್ತಿದ್ದೀವಿ ಅಂತ ವಾದ ಮಾಡಿದೆ, ಸೋತೆ. "ಎಲ್ಲ ಹರಿದು ಹಂಚಿದರೆ ಗ್ರೂಪ್‌ನಲ್ಲಿ ಮಾತಾಡೋಕೆ ಏನಿರುತ್ತೆ?" ಅಂತ ಅತ್ತೆ ಕೇಳಿದರು. ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ನನಗೆ ಅನುಮಾನ ಇದೆ. ಕನಿಷ್ಠ ಒಬ್ಬೊಬ್ಬರೂ ತಮ್ಮ ಪಾಲಿಗೆ ಉಯಿಲು ಬರೀಲಿ ಅಂತ ಹಿಂದೆ ಬಿದ್ದಿದ್ದೀನಿ. ಅತ್ತೆ ಬರೆದಿದ್ದಾರೆ. ಅಪ್ಪ ಇನ್ನೂ "ಬರೆಯೋಣ" ಅಂತಿದ್ದಾರೆ.

ರಿಜಿಸ್ಟ್ರೇಷನ್ ಆಗಿ ಮ್ಯುಟೇಷನ್ ಮುಗಿದು ಹೊಸ ಪಹಣಿ ಬಂದ ದಿನ ಅಪ್ಪ ಅದರ ಫೋಟೋ ಗ್ರೂಪ್‌ಗೆ ಹಾಕಿದರು. ಬರಹ ಏನೂ ಇಲ್ಲ. ಎಂದಿನಂತೆ ಹಾರ್ಟ್ ಬಂತು. ಮರುದಿನ ಕೆಳಗಿನ ಸಾಲಿನ ಮುದಿ ಮರಗಳನ್ನ ಕಡಿಸಿದರು.

ಈ ಜೂನ್‌ನಲ್ಲಿ ಮತ್ತೆ ಮಾಡಿನ ಫೋಟೋ ಹೋಯ್ತು. ಈ ಸಲ ಅದರ ಕೆಳಗೆ ಬಡಗಿ ಕೊಟ್ಟ ಎಸ್ಟಿಮೇಟ್ ಇತ್ತು. ಪಕಾಸಿ ಎಷ್ಟು, ರೀಪು ಎಷ್ಟು, ಹಂಚು ಎಷ್ಟು ಅಂತ. ಎರಡು ದಿನದೊಳಗೆ ಮೆಲ್ಬರ್ನ್‌ನಿಂದ ಅವರ ಪಾಲು ಬಂತು. ನ್ಯೂಜೆರ್ಸಿಯ ಅಕ್ಕ ಪಕಾಸಿ ಅಂದರೇನು ಅಂತ ಕೇಳಿದ್ದಾಳೆ, ಅಪ್ಪ ವಾಯ್ಸ್ ಮೆಸೇಜ್‌ನಲ್ಲಿ ನಾಲ್ಕು ನಿಮಿಷ ವಿವರಿಸಿದ್ದಾರೆ. ದುಡ್ಡು ಇನ್ನೂ ಬರಬೇಕು.

ನಿಮ್ಮ ಮನೆಯಲ್ಲೂ ಪಹಣಿಯಲ್ಲಿ ಅಜ್ಜನ ಹೆಸರೇ ಇದ್ದರೆ, ಬೀರುವಿನಲ್ಲಿ ಇಂಥ ಕಾಗದ ಇದ್ದರೆ, ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಉಯಿಲು ಬರೆಯೋದು ಹೇಗೆ ಅಂತ ಒಬ್ಬ ವಕೀಲರ ಜೊತೆ ಮಾತಾಡೋಣ. ಆ ಸಂಚಿಕೆಯನ್ನ ನಮ್ಮಪ್ಪನಿಗೆ ನಾನೇ ಕೂತು ಕೇಳಿಸ್ತೀನಿ.